ಎಲುಬಿನೊಳಗಿನ ದಾರಿಗಳು



ಈ ಶಾಲೆಯಲ್ಲಿ ಓದಿ ವೈದ್ಯನಾದ ನಾನು ಇಂದು ಎಲುಬಿನ ತೂತುಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ತಲೆಬುರುಡೆಯ ತಳದಲ್ಲಿ ಸುಮಾರು 3.5 ಸೆಂ.ಮೀ. ಉದ್ದದ ಒಂದು ದೊಡ್ಡ ರಂಧ್ರವಿದೆ. ಮಿದುಳು ಬಳ್ಳಿ ಅದರ ಮೂಲಕವೇ ಬೆನ್ನಿಗೆ ಇಳಿಯುತ್ತದೆ. ಕಣ್ಣು, ಕಿವಿ, ಮುಖದ ನರಗಳಿಗೆ ಬುರುಡೆಯಲ್ಲಿ ಬೇರೆ ಕಿಂಡಿಗಳಿವೆ. ವಾಡಿ ಜಂಕ್ಷನ್‌ನಲ್ಲಿ ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ಹಳಿಗಳು ಕವಲೊಡೆಯುವಂತೆ, ಮಿದುಳು ಬಳ್ಳಿಯಿಂದ 31 ಜೊತೆ ನರಗಳು ಕವಲೊಡೆಯುತ್ತವೆ. ಅವುಗಳಲ್ಲಿ ಹೆಚ್ಚಿನವು ಬೆನ್ನೆಲುಬಿನ ಎರಡು ಮಣಿಗಳ ನಡುವಿನ ಕಿಂಡಿಯಿಂದ ಹೊರಬರುತ್ತವೆ.

ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂದರೆ ಹಾಸುಗಲ್ಲು, ಸಿಮೆಂಟು, ತೊಗರಿ ಚೀಲ ಎತ್ತುವ ಸೀಮೆ. ನಡು ಬಗ್ಗಿಸಿ ಭಾರ ಎತ್ತಿದರೆ ಮಣಿಗಳ ನಡುವಿನ ಮೆತ್ತೆ ಜಾರಿ, ಕಿಂಡಿಯ ಹತ್ತಿರ ನರವನ್ನು ಒತ್ತಬಹುದು. ಆಗ ನೋವು ನಡುವಿನಿಂದ ಪಾದದವರೆಗೆ ಇಳಿಯುತ್ತದೆ. ಮೊಣಕಾಲು ಮಡಚಿ, ಭಾರವನ್ನು ಎದೆಗೆ ಹತ್ತಿರ ಹಿಡಿದು ಏಳಿರಿ. ಕಾಲು ಸೋತರೆ, ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿರಿ.

ಕಲ್ಲಿನ ಗಣಿಯಲ್ಲಿ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿರಿ. ಮುರಿದ ಮಣಿ ಅಲುಗಿದರೆ ಮಿದುಳು ಬಳ್ಳಿಗೇ ಪೆಟ್ಟಾಗಿ, ನಡೆಯಬೇಕಾದವನು ಹಾಸಿಗೆ ಹಿಡಿಯುತ್ತಾನೆ. ತಲೆ, ಕುತ್ತಿಗೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿರಿ.

ತಾಯಂದಿರೇ, ಕೂಸಿನ ಮೆತ್ತನೆಯ ನೆತ್ತಿಯೂ ಎಲುಬು ಇನ್ನೂ ಕೂಡದ ಜಾಗವೇ. ಮಿದುಳು ಬೆಳೆಯಲು ಅದು ಬೇಕು. ಸಾಮಾನ್ಯವಾಗಿ ಎರಡು ವರ್ಷದೊಳಗೆ ಮುಚ್ಚುತ್ತದೆ. ವಾಂತಿಭೇದಿಯಲ್ಲಿ ನೆತ್ತಿ ಕುಳಿ ಬಿದ್ದರೆ ಮೈಯ ನೀರು ಬತ್ತಿದೆ ಎಂದರ್ಥ. ಎಣ್ಣೆ ಒತ್ತಿದರೆ ಅದು ತುಂಬದು. ಎದೆಹಾಲು, ಓಆರ್‌ಎಸ್ ಕುಡಿಸುತ್ತ ಕೂಡಲೇ ಆಸ್ಪತ್ರೆಗೆ ಬನ್ನಿರಿ.