ಪೇಟೆಯ ಧಾರಣೆ, ನಮ್ಮ ಹಾಜರಿ

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಲೋಹಾರಾ ಸೀಮೆಯವರು. ಉಮರ್ಗಾ, ನಿಲಂಗಾ, ಉದಗೀರಗಳಂತೆ ನಮ್ಮದೂ ಮಹಾರಾಷ್ಟ್ರದ ಗಡಿನಾಡು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಿಮ್ಮಲ್ಲಿರುವ ಮಳೆ, ಮರದ ನೆರಳು, ಕಾಫಿ ಗಿಡ ನಮ್ಮಲ್ಲಿಲ್ಲ. ನಮ್ಮದು ಕರಿನೆಲ, ಸೋಯಾಬೀನ್, ತೊಗರಿ. ಆದರೂ ಜಾಗತೀಕರಣವೆಂಬ ದೊಡ್ಡ ಮಾತು ನಿಮ್ಮ ಲೈನು ಮನೆಗೂ ನಮ್ಮ ಮನೆಗೂ ಒಂದೇ ದಾರಿ ಹಿಡಿದು ಬಂದಿದೆ. ಅದನ್ನು ನಮ್ಮ ಹೊಲದ ಲೆಕ್ಕದಲ್ಲಿ ಹೇಳುತ್ತೇವೆ.

ಹಿಂದೆ ನಮ್ಮ ಕಡೆ ಜೋಳವೇ ದೊಡ್ಡ ಬೆಳೆ. ಜೋಳಕ್ಕೆ ಕೈಗಳು ಬಹಳ ಬೇಕು. ಹಕ್ಕಿ ಕಾಯಬೇಕು, ಕೊಯ್ಯಬೇಕು, ತೆನೆ ಮುರಿಯಬೇಕು, ಕಣ ಮಾಡಬೇಕು, ಕಣಿಕೆ ಒಟ್ಟಬೇಕು. ಕೂಲಿ ಕಡಿಮೆಯೇ, ಆದರೆ ಕೆಲಸದ ದಿನಗಳಿದ್ದವು. 1990ರ ನಂತರ ಸೋಯಾಬೀನ್ ಹಬ್ಬಿತು. ಜೂನಿನಲ್ಲಿ ಬಿತ್ತಿದರೆ ಸುಮಾರು ನೂರು ದಿನಕ್ಕೆ ರೊಕ್ಕ. ಸುಳ್ಳೇಕೆ ಹೇಳೋಣ, ಆ ರೊಕ್ಕದಿಂದ ಎಷ್ಟೋ ಮನೆಗಳ ಮಕ್ಕಳು ಓದಿದರು. ಬೆಳವಣಿಗೆ ಆಗಲಿಲ್ಲವೆಂದು ನಾವು ಹೇಳುವುದಿಲ್ಲ.

ಆದರೆ ಸೋಯಾಬೀನಿನ ಕೆಲಸ ಎಲ್ಲಿದೆ ನೋಡಿರಿ. ಬಿತ್ತನೆ ಟ್ರ್ಯಾಕ್ಟರಿನದು, ರಾಶಿ ಯಂತ್ರದ್ದು. ಹೆಂಗಸರಿಗೆ ಉಳಿದಿದ್ದುದು ಕಸ ತೆಗೆಯುವ ಕೆಲಸ. ಅದನ್ನೂ ಈಗ ಕಳೆನಾಶಕ ತಿಂದುಹಾಕಿತು. ಒಬ್ಬ ಗಂಡಸು ಬೆನ್ನಿಗೆ ಪಂಪು ಕಟ್ಟಿಕೊಂಡರೆ ಹತ್ತಾರು ಹೆಂಗಸರ ಕೂಲಿ ಅಂದಿಗೆ ಮುಗಿಯಿತು. ಹೊಲ ಹಸಿರಾಗಿಯೇ ಇರುತ್ತದೆ.

ಇನ್ನು ಧಾರಣೆಯ ಮಾತು. ನೂರು ಕಿಲೋ ಸೋಯಾಬೀನಿನಲ್ಲಿ ಎಣ್ಣೆ ಸುಮಾರು 18 ಕಿಲೋ. ಉಳಿದದ್ದು ಬಹುಪಾಲು ಹಿಂಡಿ, ಕೋಳಿಯ ಆಹಾರ. ಆದುದರಿಂದ ಬ್ರೆಜಿಲ್, ಅಮೆರಿಕ, ಅರ್ಜೆಂಟೀನಾಗಳಲ್ಲಿ ಬೆಳೆ ಹೇಗಿದೆಯೆಂಬುದು ಲಾತೂರಿನ ಪೇಟೆಯಲ್ಲಿ ಗೊತ್ತಾಗುತ್ತದೆ. 1994ರಲ್ಲಿ ತಾಳೆ ಎಣ್ಣೆ ತರಿಸುವ ಬಾಗಿಲನ್ನು ಖಾಸಗಿ ವ್ಯಾಪಾರಿಗಳಿಗೂ ತೆರೆದರು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ಸೋಯಾ ಎಣ್ಣೆಯ ಸುಂಕ ಶೇಕಡಾ 45 ಮೀರಬಾರದೆಂದು ನಮ್ಮ ದೇಶ ಮಾತು ಕೊಟ್ಟಿದೆ. ಹೊರಗಿನ ಎಣ್ಣೆ ಅಗ್ಗವಾಗಿ ಬಂದರೆ ನಮ್ಮ ಕಾಳಿನ ಬೆಲೆ ಇಳಿಯುತ್ತದೆ. ಆದರೆ ಅಂಗಡಿಯಿಂದ ಎಣ್ಣೆ ಪಾಕೀಟು ತರುವವರೂ ನಾವೇ ಅಲ್ಲವೇ? ಸುಂಕ ಏರಿಸಿರಿ ಎಂದು ಕೂಗುವಾಗ ನಮ್ಮ ಒಲೆಯ ಮುಂದೆ ಕೂತವಳ ಮುಖ ನೆನಪಾಗುತ್ತದೆ. ಈ ಪ್ರಶ್ನೆಗೆ ಸುಲಭದ ಉತ್ತರ ಹೇಳುವವರನ್ನು ನಾವು ನಂಬುವುದಿಲ್ಲ.

2021ರ ಆಗಸ್ಟಿನ ಕಥೆ ಕೇಳಿರಿ. ಸೋಯಾಬೀನ್ ಕ್ವಿಂಟಾಲಿಗೆ 10,000 ರೂಪಾಯಿಯ ಹತ್ತಿರ ಹೋಯಿತು. ಆಗ ಮಾಲು ಯಾರಲ್ಲಿತ್ತು? ಸಣ್ಣ ರೈತರು ಹಿಂದಿನ ದೀಪಾವಳಿಗೇ 4,000ದ ಆಸುಪಾಸಿನಲ್ಲಿ ಮಾರಿ ಸಾಲ ತೀರಿಸಿದ್ದರು. ಕೋಳಿ ಸಾಕಣೆಯವರು ಮೇವು ತುಟ್ಟಿಯಾಯಿತೆಂದು ಗೋಳಿಟ್ಟರು. ಅದೇ ತಿಂಗಳು ಸರ್ಕಾರ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅಪ್ಪಣೆ ಕೊಟ್ಟಿತು. ಹೊಸ ಫಸಲು ಪೇಟೆಗೆ ಬರುವ ಹೊತ್ತಿಗೆ ಬೆಲೆ ಸುಮಾರು ಅರ್ಧಕ್ಕೆ ಇಳಿದಿತ್ತು. 2024ರಲ್ಲಿ ಬೆಂಬಲ ಬೆಲೆ 4,892 ರೂಪಾಯಿ. ಸುಗ್ಗಿಯಲ್ಲಿ ಪೇಟೆ ಅದಕ್ಕೂ ಕೆಳಗಿತ್ತು. ರೈತನಿಗೆ ಬೆಲೆ ಸಿಗದಿದ್ದರೆ ಅವನು ಮೊದಲು ಕೈಬಿಡುವುದು ಕೂಲಿಯವರನ್ನೇ. ಏರಿದ ಬೆಲೆ ಮಾತ್ರ ಕೂಲಿಯವರ ತನಕ ಬರಲಿಲ್ಲ.

ಕೆಲಸವಿಲ್ಲದವರು ದೀಪಾವಳಿ ಆಸುಪಾಸಿನಲ್ಲಿ ಕಬ್ಬು ಕಡಿಯಲು ಹೊರಡುತ್ತಾರೆ. ಮುಕಾದಮ ಮುಂಗಡ ಕೊಟ್ಟಿರುತ್ತಾನೆ. ಅದಕ್ಕೆ ಉಚಲ್ ಎನ್ನುತ್ತಾರೆ. ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ, ಎಂದರೆ ಒಂದು ಕುಡುಗೋಲು. ಲೆಕ್ಕದಲ್ಲಿ ಹೆಂಡತಿಗೆ ಬೇರೆ ಹೆಸರಿಲ್ಲ. ನಿಮ್ಮಲ್ಲಿ ರೈಟರ ಪುಸ್ತಕದಲ್ಲಿ ಹೆಂಗಸರ ಹಾಜರಿ ಬೇರೆಯೇ ಇದೆ. ಅದನ್ನು ಸಣ್ಣದೆಂದು ತಿಳಿಯಬೇಡಿರಿ.

ನಿಮ್ಮ ಹಿರಿಯರಿಗೂ ಇಂಥ ನೆನಪಿರಬೇಕು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿಯಿತು. 1996ರ ಹೊತ್ತಿಗೆ ಕಾಫಿ ಬೋರ್ಡಿನ ಪೂಲ್ ಹೋಗಿ, ಬೆಳೆಗಾರರೇ ಮಾರುವಂತಾಯಿತು. ವಿಯೆಟ್ನಾಮಿನ ರೊಬಸ್ಟಾ ಲೋಕವನ್ನೆಲ್ಲ ತುಂಬಿತು. 2001-02ರಲ್ಲಿ ದರ ನೆಲಕಚ್ಚಿತು. ಆಗ ಎಷ್ಟು ಕಾಯಂ ಕೆಲಸಗಾರರು ತಾತ್ಕಾಲಿಕರಾದರು, ಎಷ್ಟು ಲೈನುಗಳ ಸೂರು ರಿಪೇರಿ ನಿಂತಿತು, ನಿಮ್ಮ ನಿಮ್ಮ ತೋಟದ ಹಿರಿಯರನ್ನು ಕೇಳಿರಿ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ನಿಮ್ಮ ತುಟ್ಟಿಭತ್ಯೆ ಬೆಲೆ ಸೂಚ್ಯಂಕ ನೋಡಿ ಏರುತ್ತದೆಯೇ ಹೊರತು ಕಾಫಿ ದರ ನೋಡಿ ಏರುವುದಿಲ್ಲ.

ಆದುದರಿಂದ ಮುಂದಿನ ಕೂಲಿ ಮಾತುಕತೆಗೆ ನಿಮ್ಮವರು ಹೋಗುವಾಗ ಎರಡು ಕಾಗದ ಒಯ್ಯಲಿ: ಹತ್ತು ವರ್ಷದ ಕಾಫಿ ದರ, ಹತ್ತು ವರ್ಷದ ಹಾಜರಿ. ದರ ಕಾಫಿ ಬೋರ್ಡಿನಿಂದ ಸಿಗುತ್ತದೆ. ಹಾಜರಿಯನ್ನು ಮನೆಯಲ್ಲಿ ನೀವೇ ಬರೆದಿಡಬೇಕು. ನಮ್ಮ ಓಣಿಯ ಹೆಣ್ಣುಮಕ್ಕಳು ಕೂಲಿಗೆ ಹೋದ ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಗೆರೆ ಎಳೆಯುತ್ತಾರೆ. ಆಗಸ್ಟ್ ತಿಂಗಳು ಕಸ ತೆಗೆಯುವ ಕಾಲ. ಕಳೆದ ಸಲ ಆ ಹಾಳೆಯ ಗೆರೆಗಳನ್ನು ಎಣಿಸಲು ಎರಡು ಕೈಯ ಬೆರಳು ಬೇಕಾಗಲಿಲ್ಲ.