ಒಂದು ಅಣುವಿನ ಎಳೆತ



ತೇರು ಹೊರಟಾಗ ನೂರಾರು ಕೈಗಳು ಹಗ್ಗವನ್ನು ಹಿಡಿದಿರುತ್ತವೆ. ತೇರು ಎಷ್ಟು ದೂರ ಸರಿಯಿತೆಂದು ಯಾರಾದರೂ ಅಳೆಯಬಲ್ಲರು. ಅವರಲ್ಲಿ ಒಬ್ಬನ ಕೈ ಎಳೆದುದೆಷ್ಟು? ನಮ್ಮ ತೋಳಿನ ಸ್ನಾಯುವಿನ ವಿಷಯದಲ್ಲಿ ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆಯೂ ಇದೇ. (ಸಂಸ್ಕೃತದಲ್ಲಿ ಸ್ನಾಯುವೆಂದರೆ ಕಟ್ಟುವ ನಾರು, ಪೇಶಿಯೆಂಬುದೇ ಇಲ್ಲಿ ಸಲ್ಲತಕ್ಕ ಹೆಸರು. ಆದರೂ ಪಠ್ಯಗಳ ರೂಢಿಯನ್ನೇ ನಾವು ಅನುಸರಿಸುತ್ತೇವೆ.)

1954ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಸ್ನಾಯುವಿನೊಳಗಿನ ಎಳೆಗಳು ತಾವೇ ಕುಗ್ಗದೆ ಒಂದರ ಪಕ್ಕದಲ್ಲೊಂದು ಜಾರುತ್ತವೆಂದು ತೋರಿಸಿದರು. ದಪ್ಪ ಎಳೆಯದು ಮಯೋಸಿನ್, ತೆಳು ಎಳೆಯದು ಆಕ್ಟಿನ್, ಎರಡೂ ಪ್ರೋಟೀನುಗಳು. ಮಯೋಸಿನ್ನಿನ ತಲೆಗಳು ಆಕ್ಟಿನ್ನನ್ನು ಹಿಡಿದು, ಎಳೆದು, ಬಿಡುತ್ತವೆಂಬ ಅಭಿಪ್ರಾಯವು ಕ್ರಮೇಣ ಬಲಗೊಂಡಿತು. ಆದರೆ ಬಹುಕಾಲ ಕೋಟ್ಯಂತರ ತಲೆಗಳ ಒಟ್ಟು ಬಲವನ್ನು ಭಾಗಿಸಿ ಒಂದರ ಪಾಲನ್ನು ಊಹಿಸಬೇಕಾಗಿತ್ತು.

1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫೈನರ್, ಸಿಮನ್ಸ್, ಸ್ಪುಡಿಚ್ ಎಂಬ ಮೂವರು ಆ ಊಹೆಯನ್ನು ಅಳತೆಗೆ ತಂದರು. ಒಂದೆಡೆ ಒಟ್ಟುಗೂಡಿಸಿದ ಲೇಸರ್ ಬೆಳಕು ಅತಿಸೂಕ್ಷ್ಮ ಮಣಿಯೊಂದನ್ನು ನೀರಿನೊಳಗೆ ಹಿಡಿದು ನಿಲ್ಲಿಸಬಲ್ಲದು. ಅವರು ಅಂಥ ಎರಡು ಮಣಿಗಳ ನಡುವೆ ಆಕ್ಟಿನ್ ಎಳೆಯನ್ನು ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದರು. ಅಲ್ಲೊಂದು ಇಲ್ಲೊಂದು ಮಯೋಸಿನ್ ಅಣುವಿರುವ ಮೂರನೆಯ, ಕದಲದ ಮಣಿಯ ಬಳಿಗೆ ಅದನ್ನು ಇಳಿಸಿದರು. ತಲೆಯು ಎಳೆದಾಗ ಮಣಿ ಸರಿಯದಂತೆ ಬೆಳಕಿನಿಂದ ತಡೆದರೆ, ತಡೆಗೆ ಬೇಕಾದ ಬಲವೇ ಎಳೆತದ ಬಲ. ಅದು 3ರಿಂದ 4 ಪೈಕೊನ್ಯೂಟನ್. ನೂರು ಗ್ರಾಂ ತೂಕವನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಸುಮಾರು ಒಂದು ಪೈಕೊನ್ಯೂಟನ್! ಒಂದು ಎಳೆತಕ್ಕೆ ಎಳೆ ಸರಿದದ್ದು ಸುಮಾರು 11 ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರ್.

ಈ ದೂರದ ಲೆಕ್ಕ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ನೀರಿನ ಅಣುಗಳ ಬಡಿತಕ್ಕೆ ಎಳೆಯು ಸದಾ ನಡುಗುತ್ತಿರುತ್ತದೆ. ನಡುಕ ಯಾವುದು, ಎಳೆತ ಯಾವುದು? 1995ರಲ್ಲಿ ಇಂಗ್ಲೆಂಡಿನ ಮೊಲಾಯ್ ಮತ್ತು ಸಂಗಡಿಗರು ಆ ನಡುಕವನ್ನೇ ಸಾಕ್ಷಿಯಾಗಿ ಹಿಡಿದರು. ತಲೆ ಹಿಡಿದ ಕ್ಷಣ ನಡುಕ ತಗ್ಗುತ್ತದೆ. ಹಿಡಿತವಾದಾಗ ಎಳೆ ಮುಂದಿರಲಿ, ಹಿಂದಿರಲಿ, ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿ ಸರಾಸರಿ ತೆಗೆದರೆ ಸರಿತ ಸುಮಾರು 4 ನ್ಯಾನೊಮೀಟರ್ ಮಾತ್ರ. ಮೊದಲ ಅಳತೆಯ ಸಾಹಸಕ್ಕಿಂತ ಈ ಸೋಸಿದ ಲೆಕ್ಕವೇ ನಮಗೆ ಹೆಚ್ಚು ಮೆಚ್ಚಿಗೆ.

ಇನ್ನೊಂದು ಮಾತು. ಹಿಡಿತವನ್ನು ಬಿಡಿಸುವುದು ಎ.ಟಿ.ಪಿ. ಎಂಬ ಇಂಧನದ ಅಣು. ಅದು ವಿರಳವಾದರೆ ತಲೆ ಹೆಚ್ಚು ಹೊತ್ತು ಹಿಡಿದೇ ಇರುತ್ತದೆ; ಪ್ರಯೋಗಕಾರರಿಗೆ ಅಳೆಯಲು ಬಿಡುವು ಸಿಗುತ್ತದೆ. ಸತ್ತ ದೇಹದಲ್ಲಿ ಅದು ತೀರಿಹೋಗುತ್ತದೆ, ತಲೆಗಳು ಬಿಡಲಾರವು, ಮೈ ಸೆಟೆಯುತ್ತದೆ.