ಮಗುವಿನ ಕಣ್ಣು ಮತ್ತು ನಮ್ಮ ಹೊಣೆ

(ಮಂಗಳೂರಿನಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಬಂಧಿಕರೊಬ್ಬರ ಮನೆಯ ವಿಷಯದಿಂದಲೇ ಆರಂಭಿಸುತ್ತೇನೆ. ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಕಣ್ಣಿನ ಪಾಪೆ ಬೆಳ್ಳಗೆ ಕಾಣುತ್ತಿದೆ ಎಂದು ತಾಯಿ ಹೇಳಿದಳು. ಸುರ್ಮ ಹಚ್ಚಿದರೆ ಸರಿಹೋಗುತ್ತದೆ ಎಂದು ಹಿರಿಯರು ಅಂದರು. ಗಲ್ಫಿನಲ್ಲಿದ್ದ ತಂದೆ, ರಜೆಯಲ್ಲಿ ಬಂದಾಗ ತೋರಿಸೋಣ ಎಂದ. ಅವನು ಬಂದಾಗ ಮಗುವಿಗೆ ವರ್ಷ ದಾಟಿತ್ತು. ವೈದ್ಯರು ಪೊರೆ ತೆಗೆದರು. ಆದರೆ ಆ ಕಣ್ಣಿಗೆ ದೃಷ್ಟಿ ಬರಲಿಲ್ಲ. ಆ ತಾಯಿಯ ಮಾತನ್ನು ಲಘುವಾಗಿ ಪರಿಗಣಿಸಿದವರಲ್ಲಿ ನಾನೂ ಒಬ್ಬ.

ಹೀಗಾಗಲು ಕಾರಣವೇನು? ನೋಡುವುದು ಕಣ್ಣಿನ ಕೆಲಸ ಮಾತ್ರವಲ್ಲ. ಮೊದಲ ತಿಂಗಳುಗಳಲ್ಲಿ ಮಿದುಳು ನೋಡಲು ಕಲಿಯುತ್ತದೆ. ಬೆಳಕು ತಲುಪದ ಕಣ್ಣನ್ನು ಅದು ಕೈಬಿಡುತ್ತದೆ. ಆದ್ದರಿಂದಲೇ ದಟ್ಟವಾದ ಹುಟ್ಟುಪೊರೆಯನ್ನು ಸುಮಾರು 6ರಿಂದ 8 ವಾರಗಳೊಳಗೆ ತೆಗೆಸಬೇಕೆಂದು ತಜ್ಞರು ಹೇಳುತ್ತಾರೆ. ಪಾಪೆಯ ಬಿಳುಪು ಕಣ್ಣಿನ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ಆಗ ಅಪಾಯ ಜೀವಕ್ಕೇ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಅವರ ರೆಟಿನಾದ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ರೆಟಿನಾವನ್ನೇ ಎಳೆದು ಕಳಚಿಬಿಡಬಲ್ಲವು. ಹೊರಗಿನಿಂದ ಕಣ್ಣು ಸುಂದರವಾಗಿಯೇ ಇರುತ್ತದೆ! 34 ವಾರಗಳಿಗಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕವಿರುವ ಮಗುವಿನ ರೆಟಿನಾವನ್ನು 30 ದಿನಗಳೊಳಗೆ ಪರೀಕ್ಷಿಸಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದ 'ಕಿಡ್ರಾಪ್' ಯೋಜನೆ 2008ರಲ್ಲಿ ಆರಂಭವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮರಾದೊಂದಿಗೆ ಹಳ್ಳಿಗಾಡಿನ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ಅದನ್ನು ನೋಡಿ ತೀರ್ಮಾನಿಸುತ್ತಾರೆ. ಸಕಾಲದಲ್ಲಿ ಲೇಸರ್ ಚಿಕಿತ್ಸೆ ದೊರೆತರೆ ದೃಷ್ಟಿ ಉಳಿಯುತ್ತದೆ.

ಮೂರು ತಿಂಗಳಾದರೂ ಮಗು ತಾಯಿಯ ಮುಖವನ್ನು ಹಿಂಬಾಲಿಸಿ ನೋಡುತ್ತಿಲ್ಲವೇ? ನಾಲ್ಕು ತಿಂಗಳ ನಂತರವೂ ಮೆಳ್ಳೆಗಣ್ಣು ಇದೆಯೇ? ಕಣ್ಣುಗುಡ್ಡೆ ದೊಡ್ಡದಾಗಿ, ನೀರು ಸುರಿದು, ಬೆಳಕಿಗೆ ಹೆದರುತ್ತಿದೆಯೇ? ಕಾಯಬೇಡಿ. ಮೆಳ್ಳೆಗಣ್ಣು ಅದೃಷ್ಟವಲ್ಲ. ಸುರ್ಮ ಔಷಧವಲ್ಲ, ಅನೇಕ ಸುರ್ಮಗಳಲ್ಲಿ ಸೀಸವಿರುತ್ತದೆ.

ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಮಗು ಪೊರೆಯೊಂದಿಗೆ ಹುಟ್ಟಬಹುದು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ವಾಟ್ಸ್ಆ್ಯಪ್ ವದಂತಿಗಳನ್ನು ನಂಬಿ ಹಿಂಜರಿದ ಮನೆಗಳಿದ್ದವು. ಅದರ ಬೆಲೆಯನ್ನು ಹುಟ್ಟದ ಮಕ್ಕಳು ತೆರಬೇಕೇ?

ದುಆ ಮಾಡೋಣ. ಆದರೆ ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಸಾವಿರ ವರ್ಷಗಳ ಹಿಂದೆ ಬಗ್ದಾದಿನ ಅಲಿ ಇಬ್ನ್ ಈಸಾ ಕಣ್ಣಿನ ರೋಗಗಳ ಬಗ್ಗೆಯೇ ಗ್ರಂಥ ಬರೆದಿದ್ದರು. ಆ ಪರಂಪರೆಯ ವಾರಸುದಾರರು ನಾವು.

ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಮನೆಯಲ್ಲಿ ಉಳಿಯಬೇಕಾಗಿಲ್ಲ. ನಗರದಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಪೊರೆಯೂ ಅವಧಿಪೂರ್ವ ಮಕ್ಕಳ ರೆಟಿನಾ ರೋಗವೂ ಸೇರಿವೆ. ಮದುವೆಯ ಔತಣಕ್ಕೆ ಲಕ್ಷಗಳನ್ನು ಸುರಿಯುವ ನಾವು, ನೆರೆಯ ಬಡ ತಾಯಿಯ ಬಸ್ಸಿನ ಖರ್ಚನ್ನಾದರೂ ವಹಿಸಬಹುದಲ್ಲವೇ?

ಕೊನೆಯದಾಗಿ ಒಂದು ವಿನಂತಿ. ಮಗುವಿನ ಕಣ್ಣಿನಲ್ಲಿ ಏನೋ ಇದೆಯೆಂದು ತಾಯಿ ಹೇಳಿದರೆ, ಅವಳೊಂದಿಗೆ ವಾದಿಸಬೇಡಿ. ಮರುದಿನ ಬೆಳಿಗ್ಗೆಯೇ ಅವಳೊಂದಿಗೆ ಕಣ್ಣಿನ ವೈದ್ಯರ ಬಳಿಗೆ ಹೊರಡಿ.